ಮೈಕ್ ಕಂಡದ್ದು ಯಾರ ತಪ್ಪು? ಹಳೆಯ ಹಾಲಿವುಡ್‌ನ ಅಗ್ಗದ ಚಿತ್ರಗಳು ಮತ್ತು ಅವುಗಳ ಎಡವಟ್ಟುಗಳು

ಓದುಗರ ಪ್ರಶ್ನೆ: ಇತ್ತೀಚೆಗೆ ಯೂಟ್ಯೂಬ್‌ನಲ್ಲಿ 1930ರಿಂದ 1950ರ ದಶಕದವರೆಗಿನ ಕಡಿಮೆ ಬಜೆಟ್‌ನ ಅಮೆರಿಕನ್ ಚಿತ್ರಗಳನ್ನು ನೋಡುತ್ತಿದ್ದೇನೆ. ಒಂದರಲ್ಲಿ ನಟನ ತಲೆಯ ಮೇಲೆ ಮೈಕ್ ಇಣುಕುತ್ತದೆ, ಇನ್ನೊಂದರಲ್ಲಿ ಬಾಗಿಲು ಮುಚ್ಚಿದರೆ ಗೋಡೆಯೇ ಅಲುಗಾಡುತ್ತದೆ, ಮತ್ತೊಂದರಲ್ಲಿ ಒಂದೇ ದೃಶ್ಯದೊಳಗೆ ಹಗಲೂ ರಾತ್ರಿಯೂ ಬೆರೆತುಹೋಗುತ್ತವೆ. ಇವೆಲ್ಲ ಅವರ ಕಣ್ಣಿಗೆ ಬೀಳಲಿಲ್ಲವೇ? ಬಿದ್ದರೂ ಹಾಗೆಯೇ ಬಿಟ್ಟರೇ? ಅದೇ ಕಾಲದ ದೊಡ್ಡ ತಾರೆಯರು ಮಾತು ತಪ್ಪಿ ಬೈದುಕೊಳ್ಳುವ ರೀಲುಗಳೂ ಸಿಗುತ್ತವೆ. ಅವನ್ನು ಯಾರಿಗಾಗಿ ಮಾಡುತ್ತಿದ್ದರು?

ಉತ್ತರ: ನೀವು ಹೇಳುವ ತಪ್ಪುಗಳಲ್ಲಿ ಹೆಚ್ಚಿನವು ಅವರ ಕಣ್ಣಿಗೆ ಬಿದ್ದಿದ್ದವು, ಮತ್ತು ಗೊತ್ತಿದ್ದೇ ಅವನ್ನು ಬಿಡಲಾಯಿತು. ಆದರೆ ನೀವು ಕಂಡ ತಪ್ಪುಗಳಲ್ಲಿ ಒಂದು ದೊಡ್ಡ ಪಾಲು ಆ ಚಿತ್ರ ತೆಗೆದವರದ್ದೇ ಅಲ್ಲ. ಅದು ಚಿತ್ರ ತೆರೆಕಂಡು ವರ್ಷಗಳಾದ ಮೇಲೆ, ಟಿವಿಗೂ ವಿಡಿಯೊಗೂ ಪ್ರತಿ ಮಾಡಿಕೊಟ್ಟವರ ಕೈಯಲ್ಲಿ ಹುಟ್ಟಿದ್ದು. ಇವೆರಡನ್ನೂ ಬೇರೆಬೇರೆಯಾಗಿ ನೋಡದೆ ಹೋದರೆ ಒಬ್ಬರ ಅಪರಾಧ ಇನ್ನೊಬ್ಬರ ತಲೆಗೆ ಬರುತ್ತದೆ.

ಮೊದಲು ಹಣದ ವಿಚಾರ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಹೊರಡುತ್ತದೆ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಪ್ರೇಕ್ಷಕರನ್ನು ಉಳಿಸಿಕೊಳ್ಳಲು ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸುವ ಪದ್ಧತಿಗೆ ಇಳಿದವು. ಮೇಲಿನದು ತಾರೆಯರಿರುವ ‘ಎ’ ಚಿತ್ರ. ಕೆಳಗಿನದು ಒಂದು ಗಂಟೆಯ ಆಸುಪಾಸಿನ ‘ಬಿ’ ಚಿತ್ರ. ‘ಎ’ ಚಿತ್ರಕ್ಕೆ ಚಿತ್ರಮಂದಿರದವರು ಗಳಿಕೆಯ ಶೇಕಡಾವಾರು ಪಾಲು ಕೊಡುತ್ತಿದ್ದರು, ‘ಬಿ’ ಚಿತ್ರಕ್ಕೆ ಕೊಡುತ್ತಿದ್ದದ್ದು ನಿಗದಿತ ಬಾಡಿಗೆ. ಚಿತ್ರ ಚೆನ್ನಾಗಿದ್ದರೂ ಅಷ್ಟೇ, ಕೆಟ್ಟದಾಗಿದ್ದರೂ ಅಷ್ಟೇ. ಎಷ್ಟು ಹಣ ಬರುತ್ತದೆಂಬುದು ಕ್ಯಾಮೆರಾ ಓಡುವ ಮೊದಲೇ ಹೆಚ್ಚುಕಡಿಮೆ ಗೊತ್ತಿರುತ್ತಿದ್ದುದರಿಂದ ನಿರ್ಮಾಪಕನಿಗೆ ಲಾಭ ಉಳಿಯುತ್ತಿದ್ದುದು ಖರ್ಚಿನ ಕಡೆಯಿಂದ ಮಾತ್ರ. ಅಲುಗಾಡಿದ ಗೋಡೆಯ ಶಾಟನ್ನು ಮತ್ತೊಮ್ಮೆ ತೆಗೆದರೆ ಆ ಖರ್ಚು ಅವನ ಜೇಬಿನಿಂದ ಹೋಗುತ್ತಿತ್ತು. ಗೋಡೆ ನೆಟ್ಟಗೆ ನಿಂತಿತೆಂದು ಒಂದು ಡಾಲರ್ ಕೂಡ ಹೆಚ್ಚಿಗೆ ಬರುತ್ತಿರಲಿಲ್ಲ. ನೀವು ಕೇಳಿದ ‘ಏಕೆ ಬಿಟ್ಟರು’ ಎಂಬುದಕ್ಕೆ ಮುಖ್ಯ ಉತ್ತರ ಈ ಲೆಕ್ಕದ ಪುಸ್ತಕದಲ್ಲೇ ಇದೆ.

ಇಂಥ ಚಿತ್ರಗಳನ್ನು ಮಾಡುತ್ತಿದ್ದವರೆಲ್ಲ ಒಂದೇ ಮಟ್ಟದವರಲ್ಲ. ವಾರ್ನರ್, ಯೂನಿವರ್ಸಲ್, ಆರ್‌ಕೆಓಗಳಂಥ ದೊಡ್ಡ ಸಂಸ್ಥೆಗಳಲ್ಲಿ ಪ್ರತ್ಯೇಕ ‘ಬಿ’ ವಿಭಾಗಗಳಿದ್ದವು. ಅವರಿಗೆ ಸಂಸ್ಥೆಯ ಸೆಟ್ಟುಗಳು, ಉಡುಪಿನ ಕೋಣೆಗಳು, ನುರಿತ ತಂತ್ರಜ್ಞರು ಪುಕ್ಕಟೆಯಾಗಿ ಎಂಬಂತೆ ಸಿಗುತ್ತಿದ್ದರು. ಸನ್‌ಸೆಟ್ ಬುಲೆವಾರ್ಡ್ ಮತ್ತು ಗೋವರ್ ಸ್ಟ್ರೀಟ್ ಕೂಡುವ ಜಾಗದ ಸುತ್ತಮುತ್ತ ನೆಲೆಸಿದ್ದ ಸಣ್ಣ ಕಂಪನಿಗಳಿಗೆ ಆ ಭಾಗ್ಯವಿರಲಿಲ್ಲ. ‘ಪಾವರ್ಟಿ ರೋ’, ಅಂದರೆ ಬಡವರ ಸಾಲು, ಎಂದು ಉದ್ಯಮದವರು ಹಾಸ್ಯಕ್ಕೆ ಕರೆದದ್ದು ಇವರನ್ನೇ. ಮೊನೊಗ್ರಾಮ್, 1935ರಲ್ಲಿ ಹರ್ಬರ್ಟ್ ಯೇಟ್ಸ್ ಹಲವು ಸಣ್ಣ ಕಂಪನಿಗಳನ್ನು ಒಂದುಗೂಡಿಸಿ ಕಟ್ಟಿದ ರಿಪಬ್ಲಿಕ್, ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿದ್ದ ಪಿಆರ್‌ಸಿ, ಇವು ಆ ಸಾಲಿನ ಹೆಸರುವಾಸಿ ಸಂಸ್ಥೆಗಳು. ಇವರಲ್ಲಿ ಅನುಕೂಲಸ್ಥ ಎನಿಸಿಕೊಂಡಿದ್ದ ರಿಪಬ್ಲಿಕ್ ಕೂಡ ತನ್ನ ಅತ್ಯಂತ ಅಗ್ಗದ ‘ಜ್ಯೂಬಿಲಿ’ ವರ್ಗದ ಚಿತ್ರವನ್ನು ಸುಮಾರು 50,000 ಡಾಲರ್‌ಗಳಲ್ಲಿ, ಏಳು ದಿನಗಳ ಚಿತ್ರೀಕರಣದಲ್ಲಿ ಮುಗಿಸುತ್ತಿತ್ತು.

ಏಳು ದಿನದ ವೇಳಾಪಟ್ಟಿಯಲ್ಲಿ ತಪ್ಪೊಂದು ಹೇಗೆ ಉಳಿದುಬಿಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಿ. 35 ಎಂಎಂ ಫಿಲ್ಮ್ ನಿಮಿಷಕ್ಕೆ 90 ಅಡಿ ಓಡುತ್ತದೆ, ಸಾವಿರ ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ. ಒಂದು ಗಂಟೆಯ ಚಿತ್ರಕ್ಕೆ ಪರದೆಯ ಮೇಲೆ ಬೇಕಾಗುವುದೇ 5,400 ಅಡಿ. ಕಚ್ಚಾ ಫಿಲ್ಮಿನ ಪ್ರತಿಯೊಂದು ಡಬ್ಬಿಗೂ ಲೆಕ್ಕವಿರುವಾಗ ಮೂರನೆಯ ಟೇಕ್ ಎನ್ನುವುದು ದುಂದುಗಾರಿಕೆ. ನಟ ಸಂಭಾಷಣೆಯನ್ನು ಕೊನೆಯವರೆಗೆ ಹೇಳಿ ಮುಗಿಸಿದನೆಂದರೆ, ನಡುವೆ ತೊದಲಿದ್ದರೂ, ಆ ಟೇಕೇ ಪ್ರಿಂಟಿಗೆ ಹೋಗುತ್ತಿತ್ತು. ಕಂಟಿನ್ಯುಟಿ ನೋಡಿಕೊಳ್ಳುವವರು ಇರುತ್ತಿದ್ದರು. ಟೋಪಿ ಯಾವ ಕೈಯಲ್ಲಿತ್ತು, ಸಿಗರೇಟು ಎಷ್ಟು ಉರಿದಿತ್ತು ಎಂಬುದನ್ನು ಬರೆದಿಡುತ್ತಲೂ ಇದ್ದರು. ಆದರೆ ದಿನಕ್ಕೆ ಹತ್ತಾರು ಸೆಟಪ್‌ಗಳು, ಅಂದರೆ ಕ್ಯಾಮೆರಾ ಮತ್ತು ದೀಪಗಳ ಹೊಸ ಜೋಡಣೆಗಳು, ಉರುಳುವಾಗ, ಅದೂ ಕಥೆಯ ಕ್ರಮ ಬಿಟ್ಟು ಒಂದು ಸೆಟ್ಟಿನ ದೃಶ್ಯಗಳನ್ನೆಲ್ಲ ಒಟ್ಟಿಗೆ ತೆಗೆಯುವಾಗ, ಆ ಟಿಪ್ಪಣಿಯನ್ನು ತಿರುವಿ ನೋಡುವ ಪುರುಸೊತ್ತು ನಿರ್ದೇಶಕನಿಗೆ ಇರುತ್ತಿರಲಿಲ್ಲ. ಮರುದಿನ ರಷಸ್, ಅಂದರೆ ಹಿಂದಿನ ದಿನ ತೆಗೆದ ತುಣುಕುಗಳನ್ನು, ನೋಡುವಾಗ ತಪ್ಪು ಗೊತ್ತಾಯಿತೆನ್ನಿ. ಎಂಜಿಎಂನಂಥ ದೊಡ್ಡ ಸಂಸ್ಥೆಯಲ್ಲಾದರೆ ಸೆಟ್ಟು ಇನ್ನೂ ನಿಂತಿರುತ್ತದೆ, ನಟ ಒಪ್ಪಂದದ ಮೇಲೆ ಸಂಬಳಕ್ಕಿರುತ್ತಾನೆ, ಮತ್ತೆ ಕರೆಸಬಹುದು. ಬಡ ಕಂಪನಿಯ ಸೆಟ್ಟು ಹಿಂದಿನ ರಾತ್ರಿಯೇ ಬಿಚ್ಚಿಹೋಗಿರುತ್ತಿತ್ತು, ದಿನಗೂಲಿಗೆ ಬಂದ ನಟ ಇನ್ನೊಂದು ಕಂಪನಿಯಲ್ಲಿ ಬೇರೆ ಮೀಸೆ ಅಂಟಿಸಿಕೊಂಡು ನಿಂತಿರುತ್ತಿದ್ದ.

ಯುದ್ಧದ ವರ್ಷಗಳು ಈ ಕೊರತೆಗೆ ಸರ್ಕಾರದ ಮುದ್ರೆ ಒತ್ತಿದವು. ಅಮೆರಿಕದ ಯುದ್ಧೋತ್ಪಾದನಾ ಮಂಡಳಿ ಒಂದು ಚಿತ್ರದ ಸೆಟ್ಟುಗಳಿಗೆ ಹೊಸದಾಗಿ ಕೊಳ್ಳುವ ಸಾಮಗ್ರಿಗೆ 5,000 ಡಾಲರ್‌ಗಳ ಮಿತಿ ಹಾಕಿತು. ಕಚ್ಚಾ ಫಿಲ್ಮಿಗೂ ಪಡಿತರ ಬಂತು. ಇದು ದೊಡ್ಡವರಿಗೆ ಆಘಾತವಾಯಿತು; ಸಣ್ಣವರಿಗೆ ಅಷ್ಟಾಗಿ ತಟ್ಟಲಿಲ್ಲ. ಅವರು ಹೊಸ ಸೆಟ್ಟು ಕಟ್ಟಿಸುತ್ತಿದ್ದದ್ದೇ ಅಪರೂಪ.

ಎಡವಟ್ಟುಗಳ ಇನ್ನೊಂದು ದೊಡ್ಡ ಮೂಲವೆಂದರೆ ಹಳೆಯ ಚಿತ್ರಗಳ ತುಣುಕುಗಳ ಮರುಬಳಕೆ. ಇದಕ್ಕೆ ಯೂನಿವರ್ಸಲ್‌ನ ಮಮ್ಮಿ (ಜೀವ ತಳೆದ ಈಜಿಪ್ಟಿನ ಶವ) ಸರಣಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1940ರ ‘ದ ಮಮ್ಮೀಸ್ ಹ್ಯಾಂಡ್’ ಚಿತ್ರದಲ್ಲಿ ಮಮ್ಮಿಯ ಪಾತ್ರ ಟಾಮ್ ಟೈಲರ್ ಅವರದು. ಆದರೆ ಪ್ರಾಚೀನ ಈಜಿಪ್ಟಿನ ಹಿನ್ನೋಟದ ದೃಶ್ಯಗಳನ್ನು ಹೊಸದಾಗಿ ತೆಗೆಯದೆ 1932ರ ‘ದ ಮಮ್ಮಿ’ ಚಿತ್ರದಿಂದ ಎತ್ತಿಕೊಂಡಿದ್ದಾರೆ. ಸಮೀಪದ ಶಾಟುಗಳಲ್ಲಿ ಟೈಲರ್, ದೂರದ ಶಾಟುಗಳಲ್ಲಿ ಹಳೆಯ ಚಿತ್ರದ ಬೋರಿಸ್ ಕಾರ್ಲಾಫ್. ಮಂದಿರದ ಸೆಟ್ಟು ಕೂಡ ಅದೇ ವರ್ಷದ ಬೇರೊಂದು ಚಿತ್ರಕ್ಕೆ ಕಟ್ಟಿದ್ದು. ಕಾಲದ ಲೆಕ್ಕವಂತೂ ಇನ್ನೂ ಸೊಗಸು. ‘ದ ಮಮ್ಮೀಸ್ ಹ್ಯಾಂಡ್’ನ ಮುಂದಿನ ಚಿತ್ರದ ಕಥೆ ಅದು ನಡೆದ ಮೂವತ್ತು ವರ್ಷಗಳ ನಂತರದ್ದೆಂದು ಹೇಳಲಾಗುತ್ತದೆ. 1944ರಲ್ಲಿ ಬಂದ ‘ದ ಮಮ್ಮೀಸ್ ಗೋಸ್ಟ್’ ಚಿತ್ರದ ಕೊನೆಯಲ್ಲಿ ಮಮ್ಮಿ ಮ್ಯಾಸಚೂಸೆಟ್ಸ್‌ನ ಜೌಗಿನಲ್ಲಿ ಮುಳುಗುತ್ತದೆ. ಅದೇ ವರ್ಷದ ‘ದ ಮಮ್ಮೀಸ್ ಕರ್ಸ್’ ಚಿತ್ರದಲ್ಲಿ, ಇನ್ನೂ ಇಪ್ಪತ್ತೈದು ವರ್ಷ ಕಳೆದ ಮೇಲೆ, ಅದು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಲೂಯಿಸಿಯಾನದ ಜೌಗಿನಿಂದ ಏಳುತ್ತದೆ. ವರ್ಷಗಳನ್ನು ಕೂಡಿಸಿದರೆ ಕಥೆ 1990ರ ದಶಕದಲ್ಲಿ ನಡೆಯಬೇಕು. ಜನರ ಉಡುಪು ಮಾತ್ರ 1944ರದ್ದೇ. ಇದನ್ನು ಯಾರೂ ಗಮನಿಸಲಿಲ್ಲವೆಂದು ನಾನು ನಂಬುವುದಿಲ್ಲ. ವಾರಕ್ಕೆರಡು ಬಾರಿ ಕಾರ್ಯಕ್ರಮ ಬದಲಾಗುತ್ತಿದ್ದ ಚಿತ್ರಮಂದಿರದಲ್ಲಿ ಹಿಂದಿನ ಚಿತ್ರದ ಭೂಗೋಳ ಯಾರಿಗೆ ನೆನಪಿರುತ್ತದೆ ಎಂದು ಬರಹಗಾರರು ಲೆಕ್ಕ ಹಾಕಿದ್ದರು. ಈ ಚಿತ್ರಗಳನ್ನು ಮುಂದೊಂದು ದಿನ ಒಂದರ ಹಿಂದೊಂದರಂತೆ, ಬೇಕಾದಲ್ಲಿ ನಿಲ್ಲಿಸಿ, ಹಿಂದಕ್ಕೆ ಓಡಿಸಿ ನೋಡುವ ಪ್ರೇಕ್ಷಕ ಹುಟ್ಟುತ್ತಾನೆಂಬ ಕಲ್ಪನೆ ಅವರಿಗಿರಲು ಸಾಧ್ಯವಿರಲಿಲ್ಲ.

ರಿಪಬ್ಲಿಕ್‌ನವರು ಇದೇ ಮರುಬಳಕೆಯನ್ನು ಹೆಚ್ಚು ಜಾಣತನದಿಂದ ಮಾಡಿದರು. ಅವರ ಧಾರಾವಾಹಿ ಚಿತ್ರಗಳಲ್ಲಿ ಹಳೆಯ ತುಣುಕಿನ ನಾಯಕ ಯಾವ ಬಟ್ಟೆ ತೊಟ್ಟಿದ್ದನೋ ಹೊಸ ನಾಯಕನಿಗೂ ಅದೇ ಬಟ್ಟೆ ತೊಡಿಸುತ್ತಿದ್ದರು. ಎಷ್ಟೇ ಹೊಡೆದಾಡಿದರೂ ತಲೆಯ ಮೇಲಿನ ಟೋಪಿ ಬೀಳದಿರುವುದನ್ನು ನೀವು ನೋಡಿ ನಕ್ಕಿರಬಹುದು. ಅದು ಮರೆವಲ್ಲ, ಟೋಪಿಯ ಅಂಚಿನ ನೆರಳಿನಲ್ಲಿ ಇದ್ದವರು ನಟರಲ್ಲ, ಸಾಹಸ ಕಲಾವಿದರು. ವಾರದ ಕೊನೆಗೆ ನಾಯಕನ ಕಾರು ಪ್ರಪಾತಕ್ಕೆ ಉರುಳಿದ್ದನ್ನು ತೋರಿಸಿ, ಮುಂದಿನ ವಾರ ಅದೇ ದೃಶ್ಯದ ನಡುವೆ ಅವನು ಹೊರಗೆ ಜಿಗಿಯುವ ಶಾಟೊಂದನ್ನು ಸೇರಿಸುತ್ತಿದ್ದದ್ದು ಕೂಡ ಎಡವಟ್ಟಲ್ಲ, ಶುದ್ಧ ಮೋಸ. ಮಕ್ಕಳಿಗೆ ಅದು ಗೊತ್ತಿತ್ತು, ಆದರೂ ಮತ್ತೆ ಬರುತ್ತಿದ್ದರು.

ಈಗ ನೀವು ತಪ್ಪದೆ ನೋಡಬೇಕಾದ ಒಂದು ಚಿತ್ರದ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ. ಎಡ್ಗರ್ ಜಿ. ಉಲ್ಮರ್ 1945ರಲ್ಲಿ ಪಿಆರ್‌ಸಿಗಾಗಿ ನಿರ್ದೇಶಿಸಿದ ‘ಡೀಟೂರ್’ ಕೇವಲ 68 ನಿಮಿಷಗಳದ್ದು. ನ್ಯೂಯಾರ್ಕ್‌ನ ಪಿಯಾನೊ ವಾದಕನೊಬ್ಬ ಪ್ರೇಯಸಿಯನ್ನು ಸೇರಲು ದಾರಿಹೋಕರ ಕಾರು ಹತ್ತಿ ಲಾಸ್ ಏಂಜಲೀಸ್‌ಗೆ ಹೊರಡುತ್ತಾನೆ. ದಾರಿಯಲ್ಲಿ ಕಾರಿನ ಮಾಲೀಕ ಸಾಯುತ್ತಾನೆ, ಅಲ್ಲಿಂದ ಮುಂದೆ ಎಲ್ಲವೂ ಕೆಡುತ್ತದೆ. ಅವನು ರಸ್ತೆಬದಿಯಲ್ಲಿ ಹೆಬ್ಬೆರಳು ಚಾಚಿ ನಿಂತಿರುವ ಕೆಲವು ಶಾಟುಗಳಲ್ಲಿ ವಾಹನಗಳು ರಸ್ತೆಯ ಎಡಗಡೆ ಓಡುತ್ತವೆ, ಸ್ಟಿಯರಿಂಗ್ ಬಲಗಡೆ ಇರುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಕುಳಿತು ನೋಡುವ ನಮಗೆ ಇದರಲ್ಲಿ ಏನೂ ವಿಚಿತ್ರ ಕಾಣುವುದಿಲ್ಲ, ನಮ್ಮ ರಸ್ತೆಯೂ ಹಾಗೆಯೇ ಇರುವುದು. ಅಮೆರಿಕದ ಪ್ರೇಕ್ಷಕನಿಗೆ ಮಾತ್ರ ಅದು ಕಣ್ಣಿಗೆ ರಾಚುವ ತಪ್ಪು. ನೆಗೆಟಿವ್ ಅನ್ನು ಎಡಬಲ ತಿರುಗಿಸಿ ಪ್ರಿಂಟ್ ಹಾಕಿದ್ದರಿಂದ ಹೀಗಾಗಿದೆ. ಏಕೆ ತಿರುಗಿಸಿದರು ಎಂಬುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ನನಗೂ ಸರಿಯೆನಿಸುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗುವವನು ಭೂಪಟದಲ್ಲಿ ಬಲದಿಂದ ಎಡಕ್ಕೆ ಸಾಗಬೇಕು. ಚಿತ್ರದಲ್ಲಿ ಭೂಪಟವನ್ನು ತೋರಿಸಿಯೂ ಇದ್ದಾರೆ. ಎಡದಿಂದ ಬಲಕ್ಕೆ ಸಾಗುವ ಶಾಟುಗಳು ಅದರ ಪಕ್ಕದಲ್ಲಿ ಬಂದರೆ ನಾಯಕ ಮನೆಗೆ ವಾಪಸಾಗುತ್ತಿದ್ದಾನೆ ಎನಿಸಿಬಿಡುತ್ತದೆ. ಸ್ಟಿಯರಿಂಗ್ ತಪ್ಪಾದರೂ ಚಿಂತೆಯಿಲ್ಲ, ಪಯಣದ ದಿಕ್ಕು ತಪ್ಪಬಾರದು ಎಂಬುದು ಸಂಕಲನದ ತೀರ್ಮಾನ. ಪುನಃ ಹೊರಾಂಗಣಕ್ಕೆ ಹೋಗಿ ತೆಗೆಯುವ ಅವಕಾಶವಿಲ್ಲದಾಗ ಎರಡು ತಪ್ಪುಗಳಲ್ಲಿ ಸಣ್ಣದನ್ನು ಆರಿಸಿಕೊಂಡಿದ್ದಾರೆ. ನಾನಾಗಿದ್ದರೂ ಅದನ್ನೇ ಆರಿಸುತ್ತಿದ್ದೆ.

ಅದೇ ಚಿತ್ರದಲ್ಲಿ ನಾಯಕ, ನಾಯಕಿ ನ್ಯೂಯಾರ್ಕ್‌ನ ಬೀದಿಯಲ್ಲಿ ನಡೆಯುವ ದೃಶ್ಯವನ್ನು ಗಮನಿಸಿ. ಬೀದಿಯೇ ಇಲ್ಲ; ದಟ್ಟ ಮಂಜು, ಅದರ ನಡುವೆ ಒಂದಿಷ್ಟು ದೀಪ, ಒಂದಿಷ್ಟು ಬೀದಿಯ ಫಲಕ. ನಗರ ಕಟ್ಟಲು ಹಣವಿಲ್ಲದ್ದಕ್ಕೆ ಹೊಗೆ ಬಿಟ್ಟರು, ಆದರೆ ಆ ಮಂಜು ಎರಡು ಅತಂತ್ರ ಜೀವಗಳಿಗೆ ಎಷ್ಟು ಒಪ್ಪುತ್ತದೆಂದರೆ ಹಣವಿದ್ದಿದ್ದರೆ ಚಿತ್ರ ಕೆಡುತ್ತಿತ್ತೇನೋ. ಉಲ್ಮರ್ ಇದನ್ನು ಆರೇ ದಿನದಲ್ಲಿ ಮುಗಿಸಿದ್ದಾಗಿ ಮುಂದೆ ಹೇಳಿಕೊಂಡರು, ಖರ್ಚು 20,000 ಡಾಲರ್ ಎಂಬ ಮಾತೂ ಬಹಳ ಕಾಲ ಹಬ್ಬಿತ್ತು. ದಾಖಲೆಗಳನ್ನು ಪರಿಶೀಲಿಸಿದ ಸಂಶೋಧಕರ ಪ್ರಕಾರ ದಿನಗಳೂ ಹೆಚ್ಚು, ಖರ್ಚಂತೂ ಒಂದು ಲಕ್ಷ ಡಾಲರ್‌ಗಳ ಸಮೀಪದ್ದು. ಅಗ್ಗದ ಚಿತ್ರಗಳ ವಿಷಯದಲ್ಲಿ ಬಡತನದ ಕಥೆಗಳನ್ನು ಸ್ವಲ್ಪ ಕಳೆದು ಕೇಳಬೇಕು. ಆ ಕಥೆಗಳೂ ಒಂದು ಬಗೆಯ ಪ್ರಚಾರವೇ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲಾತಿಗೆ ಈ ಚಿತ್ರ ಆಯ್ಕೆಯಾಯಿತು.

ಇನ್ನು ನಿಮ್ಮ ಮೈಕ್‌ನ ಪ್ರಶ್ನೆ. 1930ರ ದಶಕದಿಂದ 1953ರವರೆಗೆ ಹಾಲಿವುಡ್ ಚಿತ್ರದ ಚೌಕಟ್ಟು ಎತ್ತರ 1 ಇದ್ದರೆ ಅಗಲ 1.37 ಇರುವಂಥದ್ದು. ಟಿವಿಯ ಪೈಪೋಟಿಗೆ ಉತ್ತರವಾಗಿ 1953ರಲ್ಲಿ ಅಗಲ ಪರದೆ ಬಂತು. ಆದರೆ ಅನೇಕರು ಕ್ಯಾಮೆರಾ ಬದಲಾಯಿಸಲಿಲ್ಲ. ಹಳೆಯ ಎತ್ತರದ ಚೌಕಟ್ಟಿನಲ್ಲೇ ತೆಗೆದು, ಮೇಲೂ ಕೆಳಗೂ ಒಂದೊಂದು ಪಟ್ಟಿ ಪರದೆಗೆ ಬರುವುದಿಲ್ಲವೆಂಬ ತಿಳಿವಳಿಕೆಯಲ್ಲೇ ಶಾಟ್ ಕಟ್ಟುತ್ತಿದ್ದರು. ಆ ಪಟ್ಟಿಗಳನ್ನು ಮುಚ್ಚುವ ತಗಡಿನ ಮಾಸ್ಕ್ ಇರುತ್ತಿದ್ದದ್ದು ಚಿತ್ರಮಂದಿರದ ಪ್ರೊಜೆಕ್ಟರಿನಲ್ಲಿ. ಬೂಮ್, ಅಂದರೆ ಮೈಕ್ ಕಟ್ಟಿದ ಉದ್ದನೆಯ ಕೋಲು, ಹಿಡಿದವನು ಆ ಮುಚ್ಚಿಹೋಗುವ ಜಾಗದೊಳಗೆ ಮೈಕ್ ಇಳಿಸುತ್ತಿದ್ದ. ಅದು ಅವನ ಹಕ್ಕಿನ ಜಾಗ. ಮುಂದೆ ಟಿವಿಗೆ ಪ್ರತಿ ಮಾಡಿದವರು ಮಾಸ್ಕ್ ಹಾಕದೆ ಇಡೀ ನೆಗೆಟಿವನ್ನೇ ತೆರೆದು ತೋರಿಸಿದಾಗ ಮೈಕ್ ತೆರೆಗೆ ಇಳಿಯಿತು. ಆದ್ದರಿಂದ 1953ರ ನಂತರದ ಚಿತ್ರವೊಂದನ್ನು ಚೌಕಾಕಾರದಲ್ಲಿ ನೋಡುತ್ತಿದ್ದೀರಾದರೆ, ತಲೆಗಳ ಮೇಲೆ ಬೇಡದಷ್ಟು ಖಾಲಿ ಜಾಗವಿದ್ದು ಅದರಲ್ಲಿ ಮೈಕ್ ಕಂಡರೆ, ನಿರ್ದೇಶಕನನ್ನು ಬೈಯಬೇಡಿ. ಅದಕ್ಕಿಂತ ಹಿಂದಿನ ಚಿತ್ರದಲ್ಲಿ ಮೈಕ್ ಕಂಡರೆ ಬೈಯಲು ಅಡ್ಡಿಯಿಲ್ಲ, ಆದರೂ ಸ್ವಲ್ಪ ಯೋಚಿಸಿ. ಪ್ರೊಜೆಕ್ಟರಿನ ಗೇಟು (ಫಿಲ್ಮಿನ ಮೇಲೆ ಬೆಳಕು ಬೀಳುವ ಕಿಂಡಿ) ಆಗಲೂ ನಾಲ್ಕೂ ಅಂಚುಗಳಿಂದ ಒಂದಿಷ್ಟನ್ನು ಕತ್ತರಿಸುತ್ತಿತ್ತು. ಇಂದಿನ ಸ್ಕ್ಯಾನ್ ಅಂಚಿನವರೆಗೂ ತೋರಿಸಬಲ್ಲದು.

ಹಗಲು ರಾತ್ರಿಯ ಗೊಂದಲಕ್ಕೂ ಬಹಳ ಸಲ ಇದೇ ಕಾರಣ. ರಾತ್ರಿ ಹೊರಾಂಗಣದಲ್ಲಿ ದೀಪ ಹಾಕಿ ತೆಗೆಯುವುದು ದುಬಾರಿ. ಆದ್ದರಿಂದ ಹಗಲಲ್ಲೇ, ಕಪ್ಪುಬಿಳುಪಿನಲ್ಲಿ ನೀಲಿ ಆಕಾಶ ಕಪ್ಪಾಗಿ ಬರಲು ಕೆಂಪು ಫಿಲ್ಟರ್ ಹಾಕಿ, ಬೆಳಕು ಕುಗ್ಗಿಸಿ ತೆಗೆದು, ಲ್ಯಾಬಿನಲ್ಲಿ ಇನ್ನಷ್ಟು ಗಾಢವಾಗಿ ಪ್ರಿಂಟ್ ಮಾಡುತ್ತಿದ್ದರು. ಟಿವಿಯ ಪ್ರತಿ ಮಾಡುವವನು ಎಲ್ಲ ಶಾಟುಗಳನ್ನೂ ಒಂದೇ ಹದಕ್ಕೆ ತಿಳಿಗೊಳಿಸಿದನೆಂದರೆ ರಾತ್ರಿ ಮತ್ತೆ ಹಗಲಾಗುತ್ತದೆ. ಇದಲ್ಲದೆ, ಹಕ್ಕುಸ್ವಾಮ್ಯವನ್ನು ಇಪ್ಪತ್ತೆಂಟನೆಯ ವರ್ಷದಲ್ಲಿ ನವೀಕರಿಸದೆ ಬಿಟ್ಟ ಸಣ್ಣ ಕಂಪನಿಗಳ ಚಿತ್ರಗಳು ಸಾರ್ವಜನಿಕ ಸ್ವತ್ತಾದವು. ಸವೆದ 16 ಎಂಎಂ ಪ್ರತಿಯಿಂದ ಪ್ರತಿ, ಅದರಿಂದ ಇನ್ನೊಂದು ಪ್ರತಿ ತೆಗೆದು ಮಾರಿದರು. ಮಾತಿನ ನಡುವೆ ಚಿತ್ರ ಜಿಗಿಯುವುದು, ಸಂಗೀತ ತುಂಡಾಗುವುದು ಇವೆಲ್ಲ ಹರಿದು ಅಂಟಿಸಿದ ಪ್ರಿಂಟಿನ ಗುರುತುಗಳು. ‘ಡೀಟೂರ್’ ಅನ್ನು 2018ರಲ್ಲಿ ಅಕಾಡೆಮಿ ಫಿಲ್ಮ್ ಆರ್ಕೈವ್‌ನವರು ಜೀರ್ಣೋದ್ಧಾರ ಮಾಡಿದ ಮೇಲೆ ಹಿಂದೆ ಉಲ್ಮರ್ ಲೆಕ್ಕಕ್ಕೆ ಬರೆದಿದ್ದ ಅನೇಕ ದೋಷಗಳು ಕಾಣೆಯಾದವು. ಎಡಗಡೆ ಓಡುವ ಕಾರುಗಳು ಮಾತ್ರ ಉಳಿದವು, ಅವು ಅವರದ್ದೇ.

ನಿರ್ದೇಶಕ ಎಡ್ ವುಡ್ ಅವರ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಬಗ್ಗೆ ನೀವು ಕೇಳಿಲ್ಲ, ಆದರೆ ಕೇಳದಿದ್ದರೂ ಹೇಳಬೇಕಾದ ಚಿತ್ರ ಅದು. ಅಲ್ಲಿ ಎರಡೂ ಬಗೆಯ ತಪ್ಪುಗಳು ಕೂಡಿವೆ. ಹಗಲಿರುಳಿನ ಗೊಂದಲವನ್ನೂ ಮೈಕನ್ನೂ ಒಂದಿಷ್ಟು ಟಿವಿ ಪ್ರತಿಗಳ ಖಾತೆಗೆ ಹಾಕಬಹುದು. ಹಾರುವ ತಟ್ಟೆಗಳೆಂದರೆ ಕಾರಿನ ಚಕ್ರದ ಮುಚ್ಚಳಗಳು ಎಂಬ ಕಥೆಯೂ ಸುಳ್ಳು, ಅವು ಅಂಗಡಿಯಲ್ಲಿ ಸಿಗುತ್ತಿದ್ದ ಪ್ಲಾಸ್ಟಿಕ್ ಆಟಿಕೆಗಳು. ಆದರೆ 1956ರ ಆಗಸ್ಟ್‌ನಲ್ಲಿ ನಟ ಬೆಲಾ ಲುಗೋಸಿ ತೀರಿಕೊಂಡ ಮೇಲೆ, ಅವರಿದ್ದ ಕೆಲವೇ ನಿಮಿಷಗಳ ತುಣುಕನ್ನು ಇಟ್ಟುಕೊಂಡು, ಉಳಿದ ಪಾತ್ರವನ್ನು ಅವರಿಗಿಂತ ಎತ್ತರದ, ಮುಖದಲ್ಲಿ ಎಳ್ಳಷ್ಟೂ ಹೋಲಿಕೆಯಿಲ್ಲದ ಟಾಮ್ ಮೇಸನ್‌ಗೆ ಕೊಟ್ಟು, ನಿಲುವಂಗಿಯಿಂದ ಮುಖ ಮುಚ್ಚಿಕೊಂಡು ನಡೆಸಿದ್ದು ಮಾತ್ರ ಯಾವ ಲ್ಯಾಬಿನ ತಪ್ಪೂ ಅಲ್ಲ. ಮೇಸನ್ ನಟರಲ್ಲ, ವುಡ್ ಅವರ ಪತ್ನಿಗೆ ಬೆನ್ನುಮೂಳೆಯ ಚಿಕಿತ್ಸೆ ನೀಡುತ್ತಿದ್ದವರು.

ಇಂಥವನ್ನು ನೋಡಿ ಇಡೀ ವರ್ಗವೇ ಅಸಮರ್ಥರ ಕೂಟವೆಂದು ತಿಳಿಯಬೇಡಿ. ‘ಒನ್ ಶಾಟ್’ ಎಂಬ ಅಡ್ಡಹೆಸರು ಅಂಟಿಸಿಕೊಂಡ ವಿಲಿಯಮ್ ಬೋಡೈನ್ ಮೂಕಿಯ ಕಾಲದಲ್ಲಿ ದೊಡ್ಡ ತಾರೆ ಮೇರಿ ಪಿಕ್‌ಫೋರ್ಡ್ ಅವರನ್ನು ನಿರ್ದೇಶಿಸಿದವರು. ಮೊನೊಗ್ರಾಮ್‌ನಲ್ಲಿ ಅವರಿಗೆ ಕೊಟ್ಟ ಕೆಲಸ ಬೇಗ ಮುಗಿಸುವುದು, ಅದನ್ನು ಅವರು ಚೆನ್ನಾಗಿಯೇ ಮಾಡಿದರು. ಆರ್‌ಕೆಓದಲ್ಲಿ ನಿರ್ಮಾಪಕ ವಾಲ್ ಲ್ಯೂಟನ್ ಪ್ರತಿ ಚಿತ್ರಕ್ಕೆ 1,50,000 ಡಾಲರ್‌ಗಳ ಮಿತಿಯೊಳಗೆ ‘ಕ್ಯಾಟ್ ಪೀಪಲ್’ನಂಥ ಚಿತ್ರ ಮಾಡಿದರು. ಅದರಲ್ಲಿರುವ ಭವ್ಯ ಮೆಟ್ಟಿಲು ಅದೇ ಸ್ಟುಡಿಯೋದ ಆರ್ಸನ್ ವೆಲ್ಸ್ ಚಿತ್ರದಿಂದ ಉಳಿದದ್ದು, ಮತ್ತು ಮೃಗವನ್ನು ತೋರಿಸುವ ಬದಲು ನೆರಳು ತೋರಿಸಿದ್ದರಲ್ಲಿ ಕಲೆಯಷ್ಟೇ ಉಳಿತಾಯವೂ ಇದೆ. ಇನ್ನೊಂದು ಕಡೆ, ಹಣ ಧಾರಾಳವಾಗಿದ್ದ ಹಿಚ್‌ಕಾಕ್‌ರ ‘ನಾರ್ತ್ ಬೈ ನಾರ್ತ್‌ವೆಸ್ಟ್’ನಲ್ಲಿ ಹೋಟೆಲಿನೊಳಗೆ ಗುಂಡು ಹಾರುವ ಮೊದಲೇ ಹಿಂದಿನ ಮೇಜಿನ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ. ಹಿಂದಿನ ಟೇಕುಗಳಲ್ಲಿ ಸದ್ದು ಕೇಳಿ ಬೆಚ್ಚಿದ್ದನೆಂದು ತೋರುತ್ತದೆ. ಒಂದೇ ಟೇಕಿನ ಬಡ ಚಿತ್ರದಲ್ಲಿ ಈ ತಪ್ಪು ಆಗುವುದೇ ಕಷ್ಟ.

ಕನ್ನಡದ ಓದುಗರಿಗೆ ಆಸಕ್ತಿಯಾಗಬಹುದಾದ ಒಂದು ಮಾತು. ಮೈಸೂರು ಸೀಮೆಯಲ್ಲಿ ಹುಟ್ಟಿ, ಯೂನಿವರ್ಸಲ್‌ನ ಬಣ್ಣದ ಸಾಹಸ ಚಿತ್ರಗಳಲ್ಲಿ ತಾರೆಯಾಗಿ ಮೆರೆದ ಸಾಬು, 1950ರ ದಶಕದಲ್ಲಿ ಇದೇ ಅಗ್ಗದ ಲೋಕಕ್ಕೆ ಇಳಿದರು. 1957ರ ‘ಸಾಬು ಅಂಡ್ ದ ಮ್ಯಾಜಿಕ್ ರಿಂಗ್’ ಚಿತ್ರ ಬಂದದ್ದು ಅಲೈಡ್ ಆರ್ಟಿಸ್ಟ್ಸ್ ಎಂದು ಹೆಸರು ಬದಲಿಸಿಕೊಂಡಿದ್ದ ಹಳೆಯ ಮೊನೊಗ್ರಾಮ್‌ನಿಂದಲೇ, ಅದೂ ಟಿವಿಗೆಂದು ತೆಗೆದ ಕಂತುಗಳನ್ನು ಜೋಡಿಸಿ.

ಕೊನೆಗೆ, ತಾರೆಯರು ಬೈದುಕೊಳ್ಳುವ ಆ ರೀಲುಗಳು. ಅವು ಬಹುಪಾಲು ವಾರ್ನರ್ ಬ್ರದರ್ಸ್‌ನವು, ಅಸಲಿಯೇ ಹೌದು. 1930ರ ದಶಕದ ಮಧ್ಯದಿಂದ 1940ರ ದಶಕದ ಕೊನೆಯವರೆಗೆ ‘ಬ್ರೇಕ್‌ಡೌನ್ಸ್’ ಎಂಬ ಹೆಸರಿನಲ್ಲಿ, ಆ ವರ್ಷದ ಹಾಳಾದ ಟೇಕುಗಳನ್ನು ಪೋಣಿಸಿ, ಸಂಸ್ಥೆಯ ನೌಕರರ ವಾರ್ನರ್ ಕ್ಲಬ್ಬಿನ ಔತಣಕೂಟದಲ್ಲಿ ತೋರಿಸಲು ಮಾಡಿದ್ದು. 1934ರಿಂದ ಸೆನ್ಸಾರ್ ಸಂಹಿತೆ ಬಿಗಿಯಾಗಿ ಜಾರಿಯಲ್ಲಿದ್ದುದರಿಂದ ಬೆಟ್ಟಿ ಡೇವಿಸ್, ಹಂಫ್ರಿ ಬೋಗಾರ್ಟ್ ಅವರ ಬಾಯಿಂದ ಬಂದ ಆ ಮಾತುಗಳನ್ನು ಸಾರ್ವಜನಿಕರಿಗೆ ತೋರಿಸುವ ಪ್ರಶ್ನೆಯೇ ಇರಲಿಲ್ಲ. ಪಿಆರ್‌ಸಿಯಿಂದಲೋ ಮೊನೊಗ್ರಾಮ್‌ನಿಂದಲೋ ಅಂಥ ವಾರ್ಷಿಕ ರೀಲುಗಳು ನಮಗೆ ಸಿಗದಿರುವುದರಲ್ಲಿ ಆಶ್ಚರ್ಯವಿಲ್ಲ. ಹಾಳಾದ ಟೇಕನ್ನು ಪರದೆಯ ಮೇಲೆ ನೋಡಬೇಕಾದರೆ ಮೊದಲು ಅದನ್ನು ಪ್ರಿಂಟ್ ಹಾಕಿಸಬೇಕು, ಅದಕ್ಕೂ ಮೊದಲು ಅದರ ಬದಲಿಗೆ ಬಳಸಲು ಇನ್ನೊಂದು ಒಳ್ಳೆಯ ಟೇಕ್ ಇರಬೇಕು. ಬಡವರ ಸಾಲಿನಲ್ಲಿ ಎರಡಕ್ಕೂ ಹಣವಿರಲಿಲ್ಲ, ಆದ್ದರಿಂದ ಅವರ ಎಡವಟ್ಟುಗಳು ಚಿತ್ರದೊಳಗೇ ಉಳಿದು ಟಿಕೆಟ್ ಕೊಂಡವರಿಗೆಲ್ಲ ಕಂಡವು.